ವಯಸ್ಸಿನ ಕಾಲಂ

ಮೇಯೋ ಹಾಲಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಮೂವತ್ತೊಂದು ವರ್ಷ ಟೈಪು ಹೊಡೆದವಳು ನಾನು.
ಪುಟಕ್ಕೆ ನಲವತ್ತು. ಛಾಪಾ ಕಾಗದದ ದುಡ್ಡು ಬೇರೆ.
ಅಫಿಡವಿಟ್ಟು, ಬಾಡಿಗೆ ಕರಾರು, ಹೆಸರು ಬದಲಾವಣೆ,
ಕಳೆದುಹೋದ ಮಾರ್ಕ್ಸ್ ಕಾರ್ಡು.
ಎಲ್ಲಕ್ಕೂ ಮೊದಲ ಸಾಲು ಒಂದೇ:
ಇಂಥವರ ಮಗಳು, ಇಷ್ಟು ವಯಸ್ಸು, ಇಂಥಲ್ಲಿ ವಾಸ.
ಬೆರಳೇ ಹೊಡೆದುಬಿಡುತ್ತದೆ,
ನಾನು ಬಸ್ಸು ನೋಡುತ್ತಿರುತ್ತೇನೆ.

ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿ
ನೀಲಸಂದ್ರದಿಂದ ನಡೆದೇ ಬಂದಿದ್ದರು ಇಬ್ಬರು.
ಮುನಿಲಕ್ಷ್ಮಿ, ಒಂಬತ್ತನೇ ಬಿ, ಸಂಪಾದಕಿ.
ಹಾಜಿರಾ, ಅದೇ ಸೆಕ್ಷನ್ನು, ಲೆಕ್ಕ ಮತ್ತು ಚಿತ್ರ.
ಕೈಯಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು,
ನಾಲ್ಕು ಮೂಲೆಗೂ
ಗೋಡೆಯ ಸುಣ್ಣ ಕಿತ್ತುಕೊಂಡೇ ಬಂದ ಟೇಪು.

"ಅಕ್ಕಾ, ಹೆಡ್‌ಮಿಸ್ಸಿಗೆ ಒಂದು ನೋಟೀಸು ಹೊಡೆದುಕೊಡಿ."

ನಗು ಬಂತು. ಹಾಳೆ ಬಿಚ್ಚಿದ ಮೇಲೆ ನಿಂತಿತು.
'ಎರಡನೇ ಬೆಲ್ಲು' ಪತ್ರಿಕೆಯ ಹೆಸರು. ಸಂಚಿಕೆ ಏಳು.
ಹುಡುಗಿಯರ ಶೌಚಾಲಯದ ಬೀಗದಕೈ
ಸ್ಟಾಫ್ ರೂಮಿನ ಮೊಳೆಯಲ್ಲಿ ಎಷ್ಟು ಹೊತ್ತು ನೇತಾಡುತ್ತದೆ:
ಹನ್ನೊಂದು ನಲವತ್ತರಿಂದ ಮೂರು ಐವತ್ತರ ತನಕ.
ಹನ್ನೆರಡು ದಿನ ಕಾದು ಬರೆದ ಪಟ್ಟಿ.
ಕೆಳಗೆ ಹಾಜಿರಾ ಬಿಡಿಸಿದ ನೀರಿನ ಬಾಟಲಿಗಳು,
ಮೂವತ್ತೆಂಟು ಹುಡುಗಿಯರವು,
ಮನೆಗೆ ಹೋಗುವಾಗ ಯಾವುದರಲ್ಲಿ ಎಷ್ಟು ಉಳಿದಿತ್ತು ಅಂತ.
ಹೆಚ್ಚಿನವು ಕತ್ತಿನ ತನಕ ನೀಲಿ.

ಸೋಮವಾರ ಅಂಟಿಸಿದ್ದು. ಸೋಮವಾರವೇ ಕಿತ್ತದ್ದು.
ಶಾಲೆಯ ಮಾನ, ಅಂದರಂತೆ. ಇನ್‌ಸ್ಪೆಕ್ಷನ್ ಬೇರೆ ಇತ್ತಂತೆ.
ಬರೆಸಿದ ಕನ್ನಡ ಮೇಷ್ಟ್ರಿಗೆ ಮೆಮೋ ಕೊಟ್ಟಿದ್ದಾರಂತೆ.
"ಬರೆದದ್ದರಲ್ಲಿ ಸುಳ್ಳು ಯಾವುದು ಅಂತ
ಯಾರೂ ಹೇಳಲಿಲ್ಲ ಅಕ್ಕಾ."

ಟೀ ಲೋಟ ಹಿಡಿದು ನಿಂತಿದ್ದ ವಕೀಲ ಪುಟ್ಟಮಾದಯ್ಯನವರು:
ಮೈನರುಗಳು, ಪೋಷಕರ ಮೂಲಕ ಬರಬೇಕು.
ಸ್ಕೂಲು ಪೇಪರಿಗೆ ಅಂತಲೇ ಒಂದು ಕಾಯಿದೆ
ನಾನಂತೂ ಕಂಡಿಲ್ಲ ಮಗು.
"ಹಾಗಾದರೆ ಇರುವ ಕಾಯಿದೆ ತೋರಿಸಿ."
ಅವರ ಬ್ಯಾಗಿನಿಂದ ಸಂವಿಧಾನ ಹೊರಬಂತು, ಟೀ ಕಲೆಯ ಸಮೇತ.
ಹತ್ತೊಂಬತ್ತನೇ ಅನುಚ್ಛೇದ. ನಾನೇ ಗಟ್ಟಿಯಾಗಿ ಓದಿದೆ:
ಎಲ್ಲ ನಾಗರಿಕರಿಗೂ.
ಮುಂದೆ ವಯಸ್ಸು ಹುಡುಕಿತು ಕಣ್ಣು, ಹಳೇ ಚಾಳಿ.
ಇರಲಿಲ್ಲ.
ಹಾಳೆ ತಿರುಗಿಸಿದೆ. ಅಲ್ಲೂ ಇರಲಿಲ್ಲ.
"ಮಿತಿಗಳಿವೆ, ಕೆಳಗೆ ಓದಿ," ಅಂದರು ವಕೀಲರು.
ಓದಿದೆವು ಮೂವರೂ ಬಗ್ಗಿ.
ಬೀಗದಕೈಯ ಹೆಸರು ಅಲ್ಲೆಲ್ಲೂ ಕಾಣಲಿಲ್ಲ.

ನೋಟೀಸು ಬೇಡ, ಹೆದರಿಸಿದ ಹಾಗಾಗುತ್ತೆ, ಅಂದಳು ಹಾಜಿರಾ.
ಒಂದು ಕರಾರು ಸಾಕು, ಬಾಡಿಗೆ ಮನೆಗೆ ಇರುವ ಹಾಗೆ,
ನಾಲ್ಕು ಅಡಿ ಗೋಡೆಗೆ.
ಕೀಳುವ ಮುಂಚೆ ಕಾರಣ ಬರೆದು ಸಹಿ ಹಾಕಬೇಕು.
ತಪ್ಪಿದ್ದರೆ ತೋರಿಸಬೇಕು,
ಮುಂದಿನ ಸಂಚಿಕೆಯಲ್ಲಿ ತಪ್ಪಾಯ್ತು ಅಂತ ಹಾಕುತ್ತೇವೆ.
ನಮ್ಮ ಮೇಲಿನ ಸಿಟ್ಟು ಮೇಷ್ಟ್ರ ಮೇಲೆ ತೀರಿಸಬಾರದು.
ಹೇಳಿದವರು ಹೆಸರು ಬೇಡ ಅಂದಿದ್ದರೆ
ಯಾರು ಕೇಳಿದರೂ ಹೇಳುವುದಿಲ್ಲ.

ಬೆರಳಿಗೆ ಗೊತ್ತಿಲ್ಲದ ಸಾಲುಗಳು.
ಒಂದೊಂದೇ ಕೀಲಿ ನೋಡಿಕೊಂಡು ಹೊಡೆದೆ, ಹೊಸಬಳ ಹಾಗೆ.

ದುಡ್ಡು ಬೇಡ ಅಂದೆ. ಹಾಜಿರಾ ಒಪ್ಪಲಿಲ್ಲ.
ಚಿಲ್ಲರೆಯಲ್ಲಿ ನಲವತ್ತು ಎಣಿಸಿ ರಸೀದಿ ಕೇಳಿದಳು:
"ನಾಳೆ ನಿಮ್ಮ ಸುದ್ದಿಯೂ ಬರೆಯಬೇಕಾಗಬಹುದು."

ಹೊರಟ ಮುನಿಲಕ್ಷ್ಮಿ ನಿಂತಳು.
ಮೇಜಿನ ಕೆಳಗೆ ನನ್ನ ಬಾಟಲಿ,
ಬೆಳಿಗ್ಗೆ ಮನೆಯಲ್ಲಿ ತುಂಬಿದ್ದು ತುಂಬಿದ ಹಾಗೇ.
"ಗಂಟೆ ಎರಡೂವರೆ ಅಕ್ಕಾ."
ಈ ಫುಟ್‌ಪಾತಿನಲ್ಲಿ ಇಷ್ಟು ವರ್ಷ
ಯಾರೂ ಕೇಳದ ಮಾತು.
ಮೇಲಿನದೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ ಅಂತ
ಊರವರ ಪರವಾಗಿ ಲಕ್ಷ ಸಲ ಹೊಡೆದವಳಿಗೆ
ನಾಲಿಗೆ ಏಳಲಿಲ್ಲ.
ಅವಳಾಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು.
"ಹೆಸರು ಹಾಕಲಾ, ಬೇಡವಾ?"

ಹಾಕು, ಅಂದೆ. ತುಳಸೀಬಾಯಿ. ವಯಸ್ಸು ಐವತ್ತಮೂರು.

"ವಯಸ್ಸು ಬೇಡ ಬಿಡಿ ಅಕ್ಕಾ."