ಒಪ್ಪೋಲೆ

ಡೌವೆ ವೀರ್ಸ್ಮಾ ನಮ್ಮ ಅಚ್ಚುಕೂಟಕ್ಕೆ ಮೊದಲು ಬಂದದ್ದು
ಮೂವತ್ತೊಂದರ ಮಾರ್ಚಿನಲ್ಲಿ. ಲೈಡನ್ನಿನ ಕಾಲುವೆಗಳ ಅಂಚಿಗೆ
ಇನ್ನೂ ತೆಳ್ಳನೆಯ ಮಂಜುಗಡ್ಡೆ.
ಕಂಕುಳಲ್ಲಿ ಪ್ರಬಂಧದ ಕಟ್ಟು, ಬೂಟಿನಲ್ಲಿ ಫ್ರೀಸ್‌ಲಾಂಡಿನ ಕೆಸರು.
ಅಪ್ಪ ಕಾಲುವೆಯ ತೂಬು ಕಾಯುವವನಂತೆ,
ಹಾದುಹೋದ ದೋಣಿಗಳನ್ನೆಲ್ಲ ಗಂಟೆ ನಿಮಿಷ ಸಹಿತ
ಬರೆದಿಟ್ಟವನು.
ಇವರು ಅರಸರನ್ನು ಹಾಗೆ ಬರೆಯಲು ಹೊರಟಿದ್ದರು.

ನನಗೆ ಹೀಬ್ರೂ ಬಾರದು. ಅದರ ತೂಕ ಗೊತ್ತು.
ಮೊಳೆಯ ಮುಖ ಕನ್ನಡಿಯದು, ಆ ಭಾಷೆಯ ನಡೆ ಬಲದಿಂದ ಎಡಕ್ಕೆ;
ಎರಡು ತಿರುಗುಮುರುಗು ಸೇರಿ
ನನ್ನ ಬೆರಳಿಗೆ ಅದೊಂದೇ ನೇರ ಭಾಷೆ.
ದಾಲೆತ್‌ಗೆ ಬೆನ್ನಲ್ಲೊಂದು ಮೊನೆ, ರೇಶ್‌ಗೆ ಗುಂಡು ಹೆಗಲು.
ಮೊನೆ ಸವೆದರೆ ಎದೋಮ್ ಅರಾಮ್ ಆಗುತ್ತದೆ,
ದಂಡು ಬೇರೆಯದೇ ದೇಶಕ್ಕೆ ನುಗ್ಗುತ್ತದೆ.
ಇದನ್ನು ಕಲಿಸಿದವರು ಕರಡು ತಿದ್ದುವ ಏಲಿಯಾಸ್ ಪರೈರಾ.
ಭೂತಗನ್ನಡಿ ಮುಟ್ಟುತ್ತಿರಲಿಲ್ಲ,
ಉಗುರಲ್ಲಿ ತಡವಿ ಹೇಳುತ್ತಿದ್ದರು.

ಅವರಿಬ್ಬರೂ ಕಿಟಕಿಯ ಬಳಿ ಜಗಳಕ್ಕೆ ಕೂರುವರು.
'ಯೆಹೂದದವರ ವರ್ಷ ಶರತ್ತಿನಿಂದ, ಇಸ್ರಾಯೇಲಿನದು ವಸಂತದಿಂದ,'
ವೀರ್ಸ್ಮಾ ಬೆರಳು ಮಡಚುವರು.
'ಪಟ್ಟವೇರಿದ ವರ್ಷ ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಒಂದು.
ಕುಷ್ಠ ಹಿಡಿದ ಉಜ್ಜೀಯ ಬೇರೆ ಮನೆಯಲ್ಲಿ,
ಮಗ ಯೋತಾಮ ಅರಮನೆಯಲ್ಲಿ;
ಅವೇ ವರ್ಷಗಳು ಇಬ್ಬರ ಖಾತೆಗೂ ಬಿದ್ದಿವೆ.
ಕೂಡಿದರೆ ಲೆಕ್ಕ ಉಕ್ಕುತ್ತದೆ.'
ಪರೈರಾ ಚಹಾ ಆರಿಸುತ್ತ:
'ನಾನೂ ಅಪ್ಪನೂ ಒಂದೇ ಅಂಗಡಿಯಲ್ಲಿ ಕೂತದ್ದು ಏಳು ವರ್ಷ.
ಇಬ್ಬರೂ ನನ್ನದೇ ಅಂದುಕೊಂಡೆವು.'

ನಿನೆವೆಯ ಜೇಡಿಹಲಗೆಯೊಂದು ವೀರ್ಸ್ಮಾರ ಆಧಾರ:
ಸಿಮಾನು ತಿಂಗಳು, ಸೂರ್ಯನಿಗೆ ಗ್ರಹಣ.
ಅಷ್ಟೇ. ಆ ಒಂದು ಮೊಳೆಗೆ
ಎರಡು ರಾಜ್ಯಗಳನ್ನೂ ಅಂಗಿಯಂತೆ ತೂಗುಹಾಕಿದರು.
ಗೋಡೆ ಅಲುಗಲಿಲ್ಲ. ಮೂವತ್ತೆಂಟಕ್ಕೆ ಪೀಠ ಸಿಕ್ಕಿತು,
ಕಪ್ಪು ನಿಲುವಂಗಿ, ಸಿಟ್‌ಸ್ಕೆಯೊಡನೆ ಮದುವೆ.
ಮದುವೆಯ ತಾರೀಕು ಮಾತ್ರ
ಪ್ರತಿ ವರ್ಷವೂ ಆಕೆಯೇ ನೆನಪಿಸಬೇಕಿತ್ತು.

ನಲವತ್ತರ ನವೆಂಬರಿಗೆ ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು.
ಪರೈರಾಗೆ ಕೂಟದ ಮೆಟ್ಟಿಲು ನಿಷಿದ್ಧವಾಯಿತು;
ಬ್ರೆಡ್ಡಿನ ಚೀಲದಡಿ ಕರಡು ಒಯ್ದು ಕೊಟ್ಟು ಬರುತ್ತಿದ್ದೆ.
ನಲವತ್ತೆರಡರ ಒಂದು ಸೋಮವಾರ ಹೋದಾಗ
ಬಾಗಿಲಿಗೆ ಮೊಹರು.
ಒಳಗೆ ಹದಿನಾರು ಪುಟ, ಅರ್ಧ ತಿದ್ದಿದ್ದು ಇರಬೇಕು.

ಎರಡನೆಯ ಪುಸ್ತಕ ಐವತ್ತೊಂದರಲ್ಲಿ.
ಕೋಷ್ಟಕಗಳೇ ನೂರು ಪುಟ. ಯಾವ ಅರಸ
ಯಾವ ತಿಂಗಳಲ್ಲಿ ಪಿತೃಗಳ ಬಳಿಗೆ ಸೇರಿದ, ಎಲ್ಲ ಇತ್ತು.
ಸಮರ್ಪಣೆಯ ಪುಟವನ್ನು ತಾವೇ ಕೈಯಲ್ಲಿ ತಂದರು:
ಏಲಿಯಾಸ್ ಪರೈರಾ, ೧೮೭೩, ಒಂದು ಗೆರೆ.
ರೆಡ್‌ಕ್ರಾಸಿನ ಉತ್ತರ ಜೇಬಿನಲ್ಲಿತ್ತು:
ಈ ತಾರೀಕು ಮತ್ತು ಆ ತಾರೀಕಿನ ನಡುವೆ.
'ಗೆರೆಯ ಮುಂದೆ ಜಾಗ ಬಿಡಿ.'
'ಎಷ್ಟು?'
ಬಹಳ ಹೊತ್ತು ಕಿಟಕಿ ನೋಡಿದರು.
'ನಾಲ್ಕು ಅಂಕಿಯಷ್ಟು.'

ಅಚ್ಚಿನಲ್ಲಿ ಖಾಲಿ ಅಂದರೆ ಖಾಲಿಯಲ್ಲ.
ಸೀಸದ ಕ್ವಾಡೊಂದನ್ನು ಅಲ್ಲಿ ಕೂರಿಸಬೇಕು;
ಮಸಿ ತಾಗದಷ್ಟು ಗಿಡ್ಡ, ಹಾಳೆಗೆ ಮುಖ ತೋರದು,
ಕಿತ್ತರೆ ಇಡೀ ಸಾಲೇ ಸಡಿಲ.

ಆಮೇಲೆ ಆರ್ಹಸ್ಸಿನ ಯಾರೋ ಹುಡುಗಿ ಬರೆದಳು,
ವೀರ್ಸ್ಮಾ ಜೊತೆಗೆ ಕೂರಿಸಿದ ಒಬ್ಬ ತಂದೆ ಮಗ
ಜೊತೆಗೆ ಆಳಲೇ ಇಲ್ಲವೆಂದು.
ಎರಡು ಸಲ ಓದಿದರಂತೆ. ಉಪ್ಪುಮೀನು ತಿಂದು ಸೀದಾ ನನ್ನ ಬಳಿಗೆ:
ಪುಟ ೨೧೨, ಸಾಲು ೯,
'ಖಚಿತ' ಎಂದಿರುವಲ್ಲಿ 'ಬಹುಶಃ' ಎಂದು ಓದಿಕೊಳ್ಳಿ.
ಮುಂದಿನ ವಾರ ಇನ್ನೊಂದು. ನಿವೃತ್ತಿಯ ಹೊತ್ತಿಗೆ
ಒಪ್ಪೋಲೆಯೇ ಹನ್ನೊಂದು ಪುಟ,
ಆ ಒಂದು ಪದಕ್ಕೆ ನನ್ನ ಪೆಟ್ಟಿಗೆಯ ಮೊಳೆ ಸಾಲದಾಯಿತು.
ಅವರು ಅಷ್ಟು ಹಗುರಾಗಿ ನಡೆದದ್ದನ್ನು
ನಾನು ಮೊದಲು ನೋಡಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಹೋದರು. ಎಂಬತ್ತೊಂದರಲ್ಲಿ ಮರುಮುದ್ರಣ.
ಈಗ ಸೀಸವಿಲ್ಲ, ಎಲ್ಲ ಬೆಳಕಿನಲ್ಲೇ ಜೋಡಿಸುತ್ತಾರೆ.
ಹುಡುಗರಿಗೆ ಆ ಜಾಗ ದೋಷವೆಂದು ಕಂಡಿರಬೇಕು:
ಮುಚ್ಚಿದ್ದಾರೆ. ಗೆರೆ ಮುಗಿದಲ್ಲೇ ಪೂರ್ಣವಿರಾಮ.
ಕಾಗದ ಬರೆದೆ. ಸೌಜನ್ಯದ ಉತ್ತರ ಬಂತು.

ನನ್ನ ಪ್ರತಿಯಲ್ಲಿ ಮಾತ್ರ ಒಂದು ಚೀಟಿ ಅಂಟಿಸಿದ್ದೇನೆ:
ಸಮರ್ಪಣೆ, ಸಾಲು ೨,
ಗೆರೆಯ ನಂತರ ಜಾಗವಿದೆ ಎಂದು ಓದಿಕೊಳ್ಳಿ.