ಎಡಗಡೆ ಸೀಟು

ದಾಲ್ ಮಿಲ್ಲಿನ ಚನ್ನವೀರ ತಂದ
ಎರಡು ಬಾಗಿಲಿನ ಕೆಂಪು ಗಾಡಿ,
ಕೆಳಗ ಇಲಿ ತೂರಂಗಿಲ್ಲ, ಅಷ್ಟು ತಗ್ಗಿಸಿದ್ದು.
"ತಿರುವಿನಾಗ ಕರ್ರ್ ಅಂತದ, ಉಸ್ತಾದ."

ಹುಮ್ನಾಬಾದ್ ಬೇಸಿನ ತನಕ ಒಬ್ಬನೇ ಹೊಡದೆ.
ಸಪ್ಪಳಿಲ್ಲ.
ಹಿಂದಿನ ಎಡಚಕ್ರದ ಕಮಾನಿನೊಳಗ ಬೆರಳಾಡಿಸಿದೆ:
ತಗಡಿನ ತುಟಿ ಸವೆದು ಹೊಳೀತಿತ್ತು
ಕಾಲುಂಗುರದಂಗ;
ಬೆರಳಿಗೆ ರಬ್ಬರಿನ ಕರಿ ಪುಡಿ.

ನಬೀಲಾಲನ್ನ ಬಾಜೂಕ ಕುಂದರಿಸಿ ಮತ್ತ ಹೊಡದೆ.
ಮೊದಲ ತಗ್ಗಿಗೇ ಕರ್ರ್.

"ಈ ಸೀಟಿಗೆ ಯಾರ ಕುಂದರ್ತಾರ, ಸಾಹುಕಾರ?"
"ಯಾರೂ ಇಲ್ಲ" ಅಂದ,
ತೊಗರಿ ಲಾರಿ ಕಡಿ ನೋಡಿಕೋತ.
ಗಾಡಿ ಬ್ಯಾರೆ ಹೇಳ್ತಿತ್ತು.
ನಾ ಹೆಚ್ಚು ಕೇಳಲಿಲ್ಲ.

ಚಕ್ರ ಬಿಚ್ಚಿದೆ.
ಅರ್ಧ ಕೆಲಸ ಕಲಬುರಗಿ ಬಿಸಲೇ ಮುಗಿಸಿತ್ತು,
ಉಳಿದದ್ದಕ್ಕ ಹೀಟ್ ಗನ್ನು,
ಬಣ್ಣ ಬಿರಿಯದಂಗ.
ರೋಲರ್ ಹಚ್ಚಿ ಒಳಗಿನ ಮಡಚು
ಸಾವಕಾಶ, ಸಾವಕಾಶ ಮ್ಯಾಲಕ್ಕ ಹೊಳ್ಳಿಸಿದೆ.
ಅವಸರ ಮಾಡಿದರ ತಗಡು ಸಿಟ್ಟಿಗೇಳ್ತದ.
ಸಿಕ್ಕಿದ್ದು ಅರ್ಧ ಬೆರಳಿನ ಜಾಗ.
ಸಾಕು.

ಶಹಾಬಾದಿ ಫರಸಿ ಮ್ಯಾಲ ಗಾಡಿ ಇಳಿಸಿ ಅಂದೆ:
"ಇನ್ನ ಇಬ್ಬರು ಕುಂತರೂ ಸಪ್ಪಳಾಗಂಗಿಲ್ಲ."

ರೊಕ್ಕ ಎಣಿಸಿದ, ತಪ್ಪಿದ, ಮತ್ತ ಎಣಿಸಿದ.
ಹೋಗೂಮುಂದ ಬಗ್ಗಿ
ಆ ಖಾಲಿ ಸೀಟಿನ ಧೂಳು
ಅಂಗೈಲೆ ಒರಸಿದ.