ರಚ್ಚು

ಗುತ್ತಲು ರಸ್ತೆ, ಸೈಕಲ್ ಶಾಪಿನ ಮೇಲೊಂದು ಕೋಣೆ:
ನನ್ನ ಕಂಪನಿ.
'ಸೋಲೊಪ್ಪಬೇಡ' ಅನ್ನುವ ಪೋಸ್ಟರು ಮೊದಲ ವರ್ಷ ನಾನೇ ಅಂಟಿಸಿದ್ದು.
ಈಗ ಅದರ ಹಿಂದೆ ಹಲ್ಲಿ ಮೊಟ್ಟೆಯಿಟ್ಟಿದೆ,
ಕಿತ್ತೆಸೆಯಲೂ ಆಗುವುದಿಲ್ಲ.

ಮಾಡುವುದು ಇಷ್ಟೇ. ಬೆಲ್ಲದ ಪಾಕ ಬಂತೆಂದು
ಕೂಗಿ ಹೇಳುವ ಡಬ್ಬಿ.
ನಾಲ್ಕು ವರ್ಷ, ಹದಿನೇಳು ಡಬ್ಬಿ,
ಒಂಬತ್ತಕ್ಕೆ ದುಡ್ಡು ಬಂದಿದೆ.
ಜೊತೆಗೆ ಶುರುಮಾಡಿದ ನದೀಮ್
ಈಗ ಶ್ರೀರಂಗಪಟ್ಟಣದಲ್ಲಿ ಮಾವನ ಟೈರಂಗಡಿ ನೋಡಿಕೊಳ್ಳುತ್ತಾನೆ.
ಸಿಕ್ಕಾಗ ಟೀ ಕುಡಿಸುತ್ತಾನೆ; ಡಬ್ಬಿಯ ಮಾತೆತ್ತುವುದಿಲ್ಲ,
ಮುರಿದುಬಿದ್ದ ನಂಟಿನ ಮಾತೆತ್ತದ ಹಾಗೆ.

ಹುಮ್ಮಸ್ಸು ಬರುತ್ತಿತ್ತು, ಸುಳ್ಳೇಕೆ.
ಯಾರೋ ದುಡ್ಡು ಹೂಡುತ್ತೇನೆಂದ ರಾತ್ರಿ,
ಪೇಪರಿನಲ್ಲಿ ಹೆಸರು ಬಂದ ಬೆಳಿಗ್ಗೆ
(ಪಂಕಜಾಕ್ಷಿ ಹೋಗಿ ಕಮಲಾಕ್ಷಿ ಆಗಿತ್ತು)
ಭರ್ರನೆ ಹತ್ತಿ, ಮಧ್ಯಾಹ್ನದೂಟಕ್ಕೆ ಬೂದಿ.

ನಿನ್ನೆ ನಡುರಾತ್ರಿ ಕೀಲಾರದ ಆಲೆಮನೆ.
ಹದಿನೆಂಟನೆಯದರ ಪರೀಕ್ಷೆ.
ಡಬ್ಬಿ ಇನ್ನೂ ಬಾಯಿ ಬಿಟ್ಟಿರಲಿಲ್ಲ,
ಬೋರಪ್ಪಣ್ಣ ನೀರಲ್ಲದ್ದಿದ ಬೆರಳಲ್ಲಿ ಪಾಕ ಉರುಳಿಸಿ
'ಇಳಿಸ್ರಲಾ' ಅಂದ.
ಇಳಿಸಿ, ಅಚ್ಚಿಗೆ ಹೊಯ್ದು, ಕೈ ತೊಳೆಯುವಾಗ
ನನ್ನದು ಕೂಗಿತು,
ಧಾರೆ ಮುಗಿದ ಮೇಲೆ ಬಂದ ವಾಲಗದಂತೆ.
ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು.

ಒಲೆಬಾಯಿಯ ಹತ್ತಿರ ಹೋಗಿ ಕೂತೆ.
ಅಲ್ಲಿ ಉರಿ ಹಾಕುವ ಸಣ್ಣಮ್ಮ.
ಒಣಗಿದ ರಚ್ಚಿನ ಗುಣವೇ ಹಾಗೆ: ತುರುಕಿದರೆ ಆಳೆತ್ತರ ಎದ್ದು
ಹತ್ತು ಎಣಿಸುವಷ್ಟರಲ್ಲಿ ಇಲ್ಲ.
ಅವಳು ಉರಿಯ ಕಡೆ ನೋಡುತ್ತಲೂ ಇರಲಿಲ್ಲ.
ಒಂದು ತೆಕ್ಕೆ, ಕವೆಗೋಲಿಂದ ಒಂದು ನೂಕು,
ಎಲೆಗೆ ಸುಣ್ಣ, ಮತ್ತೊಂದು ತೆಕ್ಕೆ.

'ಇಡೀ ರಾತ್ರಿ ಬೇಜಾರಾಗಲ್ವಾ ಸಣ್ಣಮ್ಮ?'
'ಆಯ್ತದೆ.'
'ಮತ್ತೆ?'
ಪೆದ್ದಿಯನ್ನು ನೋಡುವಂತೆ ನೋಡಿದಳು.
'ಕೊಪ್ಪರ್ಗೇಲಿ ಹಾಲದಲ್ಲವ್ವ.'

ಎದ್ದು ಹೋಗಿ ಬೋರಪ್ಪಣ್ಣನನ್ನು ಕೇಳಿದೆ:
ನಿನಗೆ ಹೆಂಗೆ ಗೊತ್ತಾಯ್ತು?
ನಾಲ್ಕು ವರ್ಷದಲ್ಲಿ ಕೇಳಿದ್ದು ಇದೇ ಮೊದಲು,
ಅಲ್ಲಿಯವರೆಗೆ ಬರೀ ಹೇಳಿದ್ದೆ.
ಗುಳ್ಳೆ ಒಡೆಯುವ ಸದ್ದು ದಪ್ಪಗಾಯ್ತದೆ, ಅಂದ.
ಕಿವಿಗೊಟ್ಟೆ. ನನಗೇನೂ ಕೇಳಿಸಲಿಲ್ಲ.
ಮುಂದಿನ ಕೊಪ್ಪರಿಗೆಗೂ ನಿಂತೆ.

ಬೆಳಗಿನ ಜಾವ ಪಾಂಡವಪುರದ ಕಡೆಯಿಂದ ಫೋನು:
ಹನ್ನೊಂದನೆಯ ಡಬ್ಬಿಯೊಳಗೆ ಇರುವೆ ಸೇರಿಕೊಂಡಿವೆಯಂತೆ.
ಸ್ಕ್ರೂಡ್ರೈವರು, ಹಳೇ ಬ್ರಷ್ಷು, ಒಂದು ಪೊಟ್ಟಣ ಅರಿಸಿನ
ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡೆ.
ಉತ್ಸಾಹವೇನೂ ಇರಲಿಲ್ಲ.
ಪೆಟ್ರೋಲ್ ಇತ್ತು.